ಮಾವಿನ ತೋಪಿನ ಶಿಬಿರ: ತಮ್ಮನ ಮಕ್ಕಳು ಎಂಟು ದಿನ ಇದ್ದು ಬಂದರು

ಮೊದಲೇ ಹೇಳಿಬಿಡುತ್ತೇನೆ, ಶಿಬಿರದ ಹೆಸರು ಬರೆಯುವುದಿಲ್ಲ. ನಡೆಸುವವರು ಹೊಸ ಹುಡುಗರು, ಇದು ಅವರ ಎರಡನೇ ವರ್ಷ. ನನ್ನ ದೂರುಗಳನ್ನೆಲ್ಲ ಅವರ ಎದುರಿಗೇ ಕೂತು ಹೇಳಿ ಬಂದಿದ್ದೇನೆ. ಕೋಲಾರದಿಂದ ಶ್ರೀನಿವಾಸಪುರದ ಕಡೆ ಹೋಗುವಾಗ ಒಂದು ಮಾವಿನ ತೋಪು, ಅದರೊಳಗೆ ಹೆಂಚಿನ ಮನೆ, ಎರಡು ಶೆಡ್ಡು. ಇಷ್ಟು ಸಾಕು.

ಎಂಟು ದಿನಕ್ಕೆ ಮಗುವಿಗೆ 14,500 ರೂಪಾಯಿ. ಊಟ, ವಸತಿ, ಓಡಾಟ ಎಲ್ಲ ಸೇರಿ. ಜುಲೈ ಮೊದಲ ವಾರ ಶುರು. ನಮ್ಮ ಶಾಲೆಗಳು ಆಗ ನಡೀತಾ ಇರುತ್ತವೆ. ಅದಕ್ಕೇ ಬರೋರೆಲ್ಲ ಹೊರದೇಶದ ಮಕ್ಕಳು, ಇಲ್ಲ ಬೆಂಗಳೂರಿನ ಇಂಟರ್‌ನ್ಯಾಷನಲ್ ಶಾಲೆಗಳ ಮಕ್ಕಳು. ಈ ಸಲ 26 ಜನ ಇದ್ದರು. ಪಾಂಪ್ಲೆಟ್‌ನಲ್ಲಿ "ನಿಮ್ಮ ಮಕ್ಕಳಿಗೆ ಅವರ ಬೇರು ತೋರಿಸಿ" ಅಂತ ದಪ್ಪ ಅಕ್ಷರದಲ್ಲಿತ್ತು. ಓದಿ ನನಗೆ ನಗು ಬಂತು. ನ್ಯೂಜೆರ್ಸಿಯಲ್ಲಿರುವ ತಮ್ಮನಿಗೆ ಕಳಿಸಿದೆ. ಅವನು ಅರ್ಧ ಗಂಟೆಯೊಳಗೆ ದುಡ್ಡು ಕಟ್ಟಿಬಿಟ್ಟಿದ್ದ. ದೂರ ಇರೋರ ಸಂಕಟ ಬೇರೆ, ಅಲ್ವಾ.

ಅವನು ಅಷ್ಟು ಅವಸರ ಮಾಡೋಕೆ ಇನ್ನೊಂದು ಶಿಬಿರ ಕಾರಣ. ಅವರ ಮನೆ ಹತ್ತಿರ ಯಹೂದಿ ಸಮುದಾಯದ ಭವನ ಇದೆ. ಬೇಸಿಗೆ ರಜೆಯಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಶಿಬಿರ ನಡೆಸುತ್ತಾರೆ, ಯಾವ ಧರ್ಮದ ಮಕ್ಕಳಾದರೂ ಸೇರಬಹುದು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಹಾಗಾಗಿ ಮಕ್ಕಳ ಎರಡು ಬೇಸಿಗೆ ಅಲ್ಲೇ ಕಳೆಯಿತು. ದೊಡ್ಡವಳಿಗೆ ಹನ್ನೊಂದು, ಚಿಕ್ಕವನಿಗೆ ಎಂಟು. ಹೋದ ವರ್ಷ ವಿಡಿಯೋ ಕಾಲ್ ಮಾಡಿದಾಗ ದೊಡ್ಡವಳು "ಬೋಕೆರ್ ತೋವ್, ಅತ್ತೆ" ಅಂದಳು. ಹಿಬ್ರೂ ಭಾಷೆಯಲ್ಲಿ ಬೆಳಗಿನ ನಮಸ್ಕಾರ ಅಂತೆ. ಶುಕ್ರವಾರ ಶಬ್ಬಾತ್‌ಗೆ, ಅಂದರೆ ಯಹೂದಿಗಳ ವಾರದ ವಿರಾಮದ ದಿನಕ್ಕೆ, ಜಡೆ ಹೆಣೆದ ಹಾಗಿರುವ ಹಲ್ಲಾ ಬ್ರೆಡ್ಡು, ದ್ರಾಕ್ಷಿ ರಸ ಕೊಡುತ್ತಾರಂತೆ. ಒಂದು ದಿನ ಪೂರ್ತಿ ಇಸ್ರೇಲ್ ದಿನ. ಕಾಗದದ ಪಾಸ್‌ಪೋರ್ಟ್ ಮಾಡಿ, ಒಂದೊಂದು ಊರಿನ ಟೇಬಲ್ ಹತ್ತಿರ ಹೋಗಿ ಮುದ್ರೆ ಒತ್ತಿಸಿಕೊಳ್ಳೋದು. ಆದರೆ ಅವಳು ಆ ಊರುಗಳ ಬಗ್ಗೆ ಜಾಸ್ತಿ ಏನೂ ಹೇಳಲಿಲ್ಲ. ಹೇಳಿದ್ದೆಲ್ಲ ಹೈಫಾದಿಂದ ಬಂದಿದ್ದ ಒಬ್ಬ ಅಕ್ಕನ ಬಗ್ಗೆ. ಇಸ್ರೇಲಿನಿಂದ ಹೀಗೆ ಹುಡುಗ ಹುಡುಗಿಯರು ಬೇಸಿಗೆಗೆ ಅಂತಲೇ ಅಮೆರಿಕದ ಶಿಬಿರಗಳಿಗೆ ಬಂದು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಹೈಫಾದಲ್ಲಿ ಸಮುದ್ರದ ಪಕ್ಕದಲ್ಲೇ ಬೆಟ್ಟ ಇದೆ, ಅದನ್ನು ಹತ್ತೋಕೆ ನೆಲದೊಳಗೆ ರೈಲಿದೆ ಅಂತ ನನಗೇ ಪಾಠ ಮಾಡಿದಳು. ಅಂತರಗಂಗೆ ಬೆಟ್ಟ ಎಲ್ಲಿದೆ ಅಂತ ಕೇಳಿದೆ. ಗೊತ್ತಿಲ್ಲ. ನಮ್ಮ ಮನೆ ತಾರಸಿಗೆ ಹೋದರೆ ಕಾಣುತ್ತದೆ ಅದು!

ತಮ್ಮನ ಪಕ್ಕದ ಮನೆಯಲ್ಲಿ ಒಬ್ಬ ಯಹೂದಿ ಅಜ್ಜಿ ಇದ್ದಾರೆ. ಚಿಕ್ಕವರಿದ್ದಾಗ ಬೇಸಿಗೆಯೆಲ್ಲ ಇಂಥ ಶಿಬಿರದಲ್ಲೇ ಉಳಿಯುತ್ತಿದ್ದವರು. ಊಟದ ಮನೆಗೆ ಅಲ್ಲಿ 'ಹದರ್ ಓಖೆಲ್' ಅಂತಲೇ ಹೆಸರು, ಯಾರೂ ಅರ್ಥ ಹೇಳಿಕೊಡುತ್ತಿರಲಿಲ್ಲವಂತೆ. ಹಸಿವಾದರೆ ತಾನಾಗೇ ಅರ್ಥ ಆಗುತ್ತೆ ಅಂದರಂತೆ. ರಾಮಾ ಅನ್ನುವ ಹೆಸರಿನ ಯಹೂದಿ ಶಿಬಿರಗಳಲ್ಲಿ ಮೊದಲನೆಯದು ವಿಸ್ಕಾನ್ಸಿನ್‌ನಲ್ಲಿ 1947ರಲ್ಲಿ ಶುರುವಾಯಿತು. ಇಸ್ರೇಲ್ ದೇಶವಾಗಿದ್ದು ಅದಾದ ಮೇಲೆ, 1948ರ ಮೇ ತಿಂಗಳಲ್ಲಿ. ಈ ಅಜ್ಜಿಯ ತಾತ ಪೋಲೆಂಡಿನವರು. ಇಸ್ರೇಲ್ ಅಂದರೆ ಅವರ ಮನೆಯವರು ಯಾರೂ ಕಣ್ಣಾರೆ ನೋಡದ ಊರು, ಪ್ರಾರ್ಥನೆಯಲ್ಲಿ ಮಾತ್ರ ಇದ್ದದ್ದು. ನಮ್ಮದು ಹಾಗಲ್ಲ. ನಮ್ಮ ಮಕ್ಕಳ ಊರಲ್ಲಿ ಅತ್ತೆ ಇದ್ದಾಳೆ, ಮನೆ ಇದೆ, ತೀರದ ಜಮೀನಿನ ಜಗಳ ಇದೆ.

ಆ ಅಜ್ಜಿಯ ಮೊಮ್ಮಗನೂ ಅಂಥದ್ದೇ ಶಿಬಿರದಲ್ಲಿ ಬೆಳೆದವನು. ಕಾಲೇಜಿಗೆ ಹೋದ ಮೇಲೆ, "ಪ್ಯಾಲೆಸ್ತೀನಿಯರ ವಿಷಯ ಅಲ್ಲಿ ಒಬ್ಬರೂ ಯಾಕೆ ಹೇಳಲಿಲ್ಲ?" ಅಂತ ಮನೆಯಲ್ಲಿ ದೊಡ್ಡ ಜಗಳ ತೆಗೆದನಂತೆ. ಹಾಗೆ ಕೇಳಿದ ಮಕ್ಕಳು ಅಮೆರಿಕದಲ್ಲಿ ಇನ್ನೂ ಇದ್ದಾರೆ. ಹಾಡು, ಕುಣಿತ, ಫಲಾಫೆಲ್ ಸಾಕಾ, ಕಷ್ಟದ ವಿಷಯಾನೂ ಹೇಳಬೇಕಾ ಅಂತ ಆ ಶಿಬಿರಗಳವರ ನಡುವೆಯೇ ವಾದ ಇದೆ. ತಮ್ಮ ಇದನ್ನು ಹೇಳಿದಾಗ ಹೂಂ ಅಂದು ಸುಮ್ಮನಾಗಿದ್ದೆ. ನೆನಪಾಗಿದ್ದು ಆಮೇಲೆ, ನರಸಾಪುರದ ಕೆರೆ ಏರಿ ಮೇಲೆ.

ಈಗ ನಮ್ಮ ಶಿಬಿರದ ವಿಷಯ.

ಊಟಕ್ಕೆ ಪೂರ್ತಿ ಅಂಕ. ಅಡುಗೆಗೆ ಪಕ್ಕದ ಹಳ್ಳಿಯ ಅಜ್ಜಿಯೊಬ್ಬರು ಬರುತ್ತಾರೆ. ಮಧ್ಯಾಹ್ನ ರಾಗಿ ಮುದ್ದೆ, ಮಸ್ಸೊಪ್ಪು ಇಲ್ಲ ಹುರುಳಿ ಸಾರು. ಮುದ್ದೆ ಅಗಿಯಬಾರದು, ನುಂಗಬೇಕು ಅಂತ ಕಲಿಸಿದ್ದು ಅವರೇ. ಚಿಕ್ಕವನು ಮೊದಲ ದಿನ ಗಂಟಲಿಗೆ ಸಿಕ್ಕಿಸಿಕೊಂಡನಂತೆ. ಮೂರನೇ ದಿನಕ್ಕೆ ಒಂದೂವರೆ ಮುದ್ದೆ. ಹಣ್ಣಿನ ಲೆಕ್ಕ ಇಟ್ಟವರಿಲ್ಲ. ಬಾದಾಮಿ ಮುಗಿದಿತ್ತು, ನೀಲಂ, ಮಲ್ಲಿಕಾ ಇನ್ನೂ ಇತ್ತು. ಜಾಸ್ತಿ ತಿಂದು ನಾಲ್ಕನೇ ರಾತ್ರಿ ಹೊಟ್ಟೆ ಕೆಟ್ಟಿತು ಅವನಿಗೆ. ಹತ್ತು ಗಂಟೆಗೆ ನನಗೆ ಫೋನ್ ಮಾಡಿ ಹೇಳಿದರು, ಮುಚ್ಚಿಡಲಿಲ್ಲ. ಅದು ನನಗೆ ಹಿಡಿಸಿತು.

ಕಕ್ಕಸು ಮಾತ್ರ 26 ಮಕ್ಕಳಿಗೆ ಎರಡೇ. ಸೊಳ್ಳೆ ಕಾಟ ಹೇಳೋದೇ ಬೇಡ. ಸೊಳ್ಳೆಪರದೆ ಮನೆಯಿಂದಲೇ ಕಳಿಸಿ.

ದಿನಾ ಬೆಳಗ್ಗೆ ಒಂದು ಗಂಟೆ ಕನ್ನಡ ಪಾಠ. ಬೆಂಗಳೂರಿನಿಂದ ಬಂದ ಮೇಡಂ "ನಾನು ಭೋಜನ ಮಾಡಿದೆನು" ಅಂತ ಬರೆಸುತ್ತಿದ್ದರು. ಕೋಲಾರದಲ್ಲಿ ಭೋಜನ ಮಾಡಿದವರನ್ನು ನಾನಂತೂ ನೋಡಿಲ್ಲ. ಪಾಂಪ್ಲೆಟ್‌ನಲ್ಲಿ 'ಅಚ್ಚಗನ್ನಡದ ವಾತಾವರಣ' ಅಂತ ಬೇರೆ. ಅಡುಗೆ ಅಜ್ಜಿ ಅರ್ಧ ಕನ್ನಡ, ಅರ್ಧ ತೆಲುಗು. ಈ ಕಡೆ ಅರ್ಧ ಮನೆಗಳು ಹಾಗೇ. ಮನೆಗೆ ಬಂದು ದೊಡ್ಡವಳು, "ಅತ್ತೆ, ಬುವ್ವ ಅಂದ್ರೆ ಅನ್ನ, ಅಲ್ವಾ?" ಅಂದಳು. ಎಂಟು ದಿನದಲ್ಲಿ ಅವಳ ಬಾಯಿಗೆ ಹತ್ತಿದ ಮಾತುಗಳು ಅಜ್ಜಿಯವು. ಪಾತ್ರೆ ತೊಳೆಯುವಾಗ, ಸೊಪ್ಪು ಬಿಡಿಸುವಾಗ ಹತ್ತಿದ್ದು. ಮೇಡಂ ಬರೆಸಿದ ನೋಟ್ ಪುಸ್ತಕ ತೋಪಿನಲ್ಲೇ ಮರೆತು ಬಂದಿದ್ದಾಳೆ.

ಶಿಬಿರದವರು ತಲೆ ಓಡಿಸಿ ಮಾಡಿದ ಒಂದು ಕೆಲಸ ರೇಷ್ಮೆ ಮನೆ. ಒಂದೇ ಮನೆಗೆ ಎರಡು ಸಲ ಕರೆದುಕೊಂಡು ಹೋದರು, ಎರಡನೇ ದಿನ ಮತ್ತು ಏಳನೇ ದಿನ. ಮೊದಲ ಸಲ ಹೋದಾಗ ಹುಳು ನಾಲ್ಕು ಜ್ವರ ದಾಟಿ, ಸೊಪ್ಪು ತಿಂದು ಮುಗಿಸಿ ಗೂಡು ಕಟ್ಟೋಕೆ ಹಣ್ಣಾಗಿತ್ತು. ಗೊತ್ತಿಲ್ಲದವರಿಗೆ: ಹುಳು ಪೊರೆ ಬಿಡೋಕೆ ಮುಂಚೆ ಮೇವು ಬಿಟ್ಟು ಸುಮ್ಮನೆ ಕೂರುತ್ತದಲ್ಲ, ಅದಕ್ಕೆ ನಮ್ಮಲ್ಲಿ ಜ್ವರ ಅಂತಾರೆ. ಹಣ್ಣಾದ ಹುಳುವನ್ನು ಬೆಳಕಿಗೆ ಹಿಡಿದರೆ ಮೈ ಗಾಜಿನ ಹಾಗೆ ಕಾಣುತ್ತದೆ. ಮನೆಯಾಕೆ ಒಂದೊಂದನ್ನೇ ಹಿಡಿದು ತೋರಿಸಿ ಮಕ್ಕಳ ಕೈಗೆ ಕೊಟ್ಟರಂತೆ, ಚಂದ್ರಿಕೆ ಮೇಲೆ, ಅಂದರೆ ಹುಳು ಗೂಡು ಕಟ್ಟುವ ತಟ್ಟಿ ಮೇಲೆ ಬಿಡೋಕೆ. ಏಳನೇ ದಿನ ಹೋದರೆ ಅದೇ ಬಿದಿರಿನ ಚಂದ್ರಿಕೆ ತುಂಬಾ ಹಳದಿ ಗೂಡು. ತಾವು ಬಿಟ್ಟ ಹುಳುವಿನ ಗೂಡು ಯಾವುದು ಅಂತ ಹುಡುಕಾಟ. ಒಳಗಿನ ಹುಳು ಏನಾಗುತ್ತೆ ಅಂತ ಚಿಕ್ಕವನು ಕೇಳಿದ. ಜೊತೆಗಿದ್ದ ಶಿಬಿರದ ಹುಡುಗಿ "ಚಿಟ್ಟೆಯಾಗಿ ಹಾರಿಹೋಗುತ್ತೆ" ಅಂದುಬಿಟ್ಟಳು. ಮನೆಯಾಕೆ ಗೂಡು ಬಿಡಿಸುತ್ತಲೇ, "ಇಲ್ಲ ಮಗ, ಹಾರಕ್ಕೆ ಬಿಟ್ರೆ ಗೂಡು ತೂತಾಗ್ತದೆ, ನೂಲು ಬರಲ್ಲ. ಬಿಸಿನೀರಿಗೆ ಹಾಕ್ತಾರೆ" ಅಂದರಂತೆ. ಅವತ್ತು ರಾತ್ರಿ ಚಿಕ್ಕವನು ಸರಿಯಾಗಿ ಊಟ ಮಾಡಲಿಲ್ಲ. ಮನೆಗೆ ಬಂದವನೇ ನನ್ನ ಬೀರು ತೆಗೆಸಿ ಎಷ್ಟು ರೇಷ್ಮೆ ಸೀರೆ ಇದೆ ಅಂತ ಎಣಿಸಿದ. ಒಂಬತ್ತು. ಅವನು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕೆಜಿಎಫ್ ಪ್ರವಾಸ ದಂಡ. ಬಸ್ಸಿನಲ್ಲಿ ಸಿನಿಮಾ ಹಾಡು, ಸೈನೈಡ್ ದಿಬ್ಬದ (ಚಿನ್ನ ತೆಗೆದು ಉಳಿದ ಪುಡಿಮಣ್ಣಿನ ಗುಡ್ಡ) ಮುಂದೆ ನಿಂತು ಫೋಟೋ, ವಾಪಸ್. ಗಣಿ ಮುಚ್ಚಿದ್ದು 2001ರಲ್ಲಿ, ಒಳಗೆ ಹೋಗೋಕೆ ಆಗಲ್ಲ, ಒಪ್ಪಿದೆ. ಆದರೆ ಬಾಯಲ್ಲಾದರೂ ಹೇಳಬಹುದಿತ್ತಲ್ಲ? ಬೆಂಗಳೂರಿಗೆ ಕರೆಂಟ್ ಬಂದಿದ್ದು 1905ರಲ್ಲಿ. ಕೆಜಿಎಫ್‌ಗೆ 1902ರಲ್ಲೇ ಶಿವನಸಮುದ್ರದಿಂದ ಬಂದಿತ್ತು. 1965ರಲ್ಲಿ ಇದೇ ಗಣಿಯ ಆಳದಲ್ಲಿ ವಿಜ್ಞಾನಿಗಳು ನ್ಯೂಟ್ರಿನೋ ಕಣದ ಸುಳಿವು ಹಿಡಿದರು. ಮೂರು ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಇಳಿದು ಚಿನ್ನ ತೆಗೆದವರ ಮಕ್ಕಳು ಮೊಮ್ಮಕ್ಕಳು ಈಗ ಬೆಳಗಿನ ಜಾವ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಇದರಲ್ಲಿ ಒಂದೂ ಮಕ್ಕಳಿಗೆ ಗೊತ್ತಾಗಲಿಲ್ಲ.

ಐದನೇ ದಿನ ಚಿಕ್ಕವನಿಗೆ ಓಆರ್‌ಎಸ್ ಕೊಟ್ಟು ಬರೋಣ ಅಂತ ಹೋದೆ. ಅವರು ನರಸಾಪುರದ ಕೆರೆಗೆ ಹೊರಟಿದ್ದರು, ನಾನೂ ಬಸ್ ಹತ್ತಿದೆ. ಕೆರೆ ತುಂಬಿತ್ತು. ಏರಿ ಮೇಲೆ ನಿಂತು ಶಿಬಿರದ ಹುಡುಗ, "ನೋಡಿ, ನಿಮ್ಮ ಪೂರ್ವಿಕರು ಕಟ್ಟಿದ ಕೆರೆ, ಪ್ರಕೃತಿಯ ಕೊಡುಗೆ" ಅಂತ ಭಾಷಣ ಶುರು ಮಾಡಿದ. ಬೆಂಗಳೂರಿನ ಒಬ್ಬಳು ಹುಡುಗಿ, "ಮಳೆ ಬಂದೇ ಇಲ್ಲ ಅಂತ ಅಜ್ಜಿ ಹೇಳಿದ್ರು, ನೀರು ಎಲ್ಲಿಂದ ಬಂತು?" ಅಂದಳು. ಅವನು ಹಕ್ಕಿ ತೋರಿಸಿದ. ಪಕ್ಕದಲ್ಲಿ ಬೀಡಿ ಹಚ್ಚಿಕೊಂಡು ಕೂತಿದ್ದ ಒಬ್ಬ ಮುದುಕರು, "ಬೆಂಗ್ಳೂರಿಂದ ಬರ್ತದಮ್ಮ, ಪೈಪಲ್ಲಿ. ನೀವು ಸ್ನಾನ ಮಾಡಿ ಬಿಟ್ಟಿದ್ದು, ಕಕ್ಕಸಿಗೆ ಹೋಗಿದ್ದು, ಎಲ್ಲ ತೊಳೆದು ಕಳಿಸ್ತಾರೆ" ಅಂದರು.

ಮಕ್ಕಳೆಲ್ಲ ಛೀ ಅಂತ ಕಿರುಚಿದವು.

"ನಮ್ಮ ಅಪಾರ್ಟ್‌ಮೆಂಟ್‌ದೂನಾ ತಾತ?"

"ಯಾವ ಕಡೆ ಮನೆ?"

"ಬೆಳ್ಳಂದೂರು."

"ಹಂಗಾದ್ರೆ ನಿಂದೇ."

ಆ ಹುಡುಗಿ ನಕ್ಕಿದ್ದು ನೋಡಬೇಕಿತ್ತು. ಹೊರದೇಶದ ಮಕ್ಕಳೆಲ್ಲ ಅವಳನ್ನು ಕೆರೆ ಯಜಮಾನಿಯ ಹಾಗೆ ನೋಡುತ್ತಿದ್ದವು.

ತಾತ ಹೇಳಿದ್ದು ನಿಜ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿ ಎಷ್ಟೋ ವರ್ಷ ಆಯಿತು. 2018ರಿಂದ ಕೆಸಿ ವ್ಯಾಲಿ ಯೋಜನೆಯಲ್ಲಿ, ಅಂದರೆ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧ ಮಾಡಿ ಇಲ್ಲಿನ ಕೆರೆಗಳಿಗೆ ಬಿಡುತ್ತಾರೆ. ಕುಡಿಯೋಕಲ್ಲ, ಅಂತರ್ಜಲ ಏರಲಿ ಅಂತ. 126 ಕೆರೆ, ದಿನಕ್ಕೆ 44 ಕೋಟಿ ಲೀಟರ್ ಅಂತ ಯೋಜನೆಯ ಲೆಕ್ಕ. ಎರಡು ಹಂತದ ಶುದ್ಧಿ ಸಾಲದು, ಮೂರನೇ ಹಂತ ಬೇಕು ಅಂತ ಇಲ್ಲಿನವರ ಹೋರಾಟ. ಬತ್ತಿದ ಬೋರ್‌ನಲ್ಲಿ ನೀರು ಬಂತು ಅನ್ನೋರೂ ಇದ್ದಾರೆ. ಎರಡೂ ಮಾತು ನಮ್ಮ ಬೀದಿಯಲ್ಲೇ ಕೇಳಿಸುತ್ತದೆ.

ಆ ತಾತ ಹಳೇ ನೀರಗಂಟಿ, ಅಂದರೆ ಕೆರೆ ನೀರು ಹಂಚುವವರ ಮನೆತನದವರು. ತೂಬು ಎಲ್ಲಿದೆ, ಕೋಡಿ ಎಲ್ಲಿ ಹರಿಯುತ್ತೆ, ನೀರು ಕಡಿಮೆ ಇದ್ದಾಗ ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಅಂತ ಅವರಪ್ಪ ಹೇಗೆ ತೀರ್ಮಾನ ಮಾಡುತ್ತಿದ್ದರು, ಎಲ್ಲ ಹೇಳೋಕೆ ಶುರು ಮಾಡಿದರು. ಮಕ್ಕಳು ಸುತ್ತ ಕೂತವು. ಐದು ನಿಮಿಷ ಆಗಿರಬೇಕು. ಶಿಬಿರದ ಹುಡುಗ ಸೀಟಿ ಊದಿದ, ಗಾಳಿಪಟ ಮಾಡುವ ಹೊತ್ತಾಯಿತು ಅಂತ. ನನ್ನ ದೊಡ್ಡ ದೂರು ಇದೇ. ಕಕ್ಕಸು ಇನ್ನೊಂದು ಕಟ್ಟಿಸಬಹುದು. ಏರಿ ಮೇಲೆ ಸಿಕ್ಕ ನೀರಗಂಟಿಯನ್ನು ಬಿಟ್ಟು ಗಾಳಿಪಟಕ್ಕೆ ಓಡುವವರಿಗೆ ಏನು ಹೇಳೋದು?

ಕೊನೇ ದಿನ 'ಹಳ್ಳಿ ಸಂತೆ' ನಾಟಕ. ಹುಡುಗರಿಗೆಲ್ಲ ಬಾಡಿಗೆ ಪಂಚೆ, ಪ್ಲಾಸ್ಟಿಕ್ ಬಿಂದಿಗೆ. 'ಕೋಲಾರ ಪಾಸ್‌ಪೋರ್ಟ್' ಅಂತ ಕಾಗದದ ಪುಸ್ತಕ ಕೊಟ್ಟು ಕೋಲಾರಮ್ಮ, ಆವಣಿ, ಕುರುಡುಮಲೆ ಅಂತ ಮುದ್ರೆ ಒತ್ತಿದರು. ದೊಡ್ಡವಳು ನನ್ನ ಕಿವಿಯಲ್ಲಿ, "ಅಲ್ಲೂ ಇದೇ ಮಾಡ್ತಾರೆ ಅತ್ತೆ" ಅಂದಳು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಆ ಮೂರೂವರೆಯಲ್ಲಿ ಎರಡು ಅಡುಗೆ ಅಜ್ಜಿಗೆ, ಒಂದು ರೇಷ್ಮೆ ಮನೆಯಾಕೆಗೆ. ಮುಂದಿನ ವರ್ಷ ನೀರಗಂಟಿ ತಾತನಿಗೆ ಅರ್ಧ ದಿನ ಕೊಡುತ್ತೇವೆ, ಸಂಬಳವನ್ನೂ ಕೊಡುತ್ತೇವೆ ಅಂತ ಹುಡುಗರು ಒಪ್ಪಿಕೊಂಡಿದ್ದಾರೆ. ಕೊಟ್ಟರೆ ಕಳಿಸಿ. ಸೇರಿಸುವ ಮುಂಚೆ ಇದೊಂದನ್ನು ಕೇಳಿಕೊಳ್ಳಿ.

ಮಕ್ಕಳು ಮನೆಗೆ ಬಂದ ರಾತ್ರಿ ತಮ್ಮ ಫೋನ್ ಮಾಡಿದ. ನಮ್ಮ ತಾಯಿಯ ತವರು ನರಸಾಪುರದ ಪಕ್ಕದ ಹಳ್ಳಿ. ರಜೆಗೆ ಹೋದಾಗಲೆಲ್ಲ ಅವನ ಆಟ ಆ ಕೆರೆ ಅಂಗಳದಲ್ಲೇ. ಅವನು ದೇಶ ಬಿಟ್ಟಿದ್ದು 2009ರಲ್ಲಿ. ಮಗಳು ಫೋನ್ ಕಿತ್ತುಕೊಂಡು ತೂಬು, ಕೋಡಿ, ಬೆಳ್ಳಂದೂರಿನ ಹುಡುಗಿ, ಪೈಪು ಅಂತ ಇಂಗ್ಲಿಷು ಕನ್ನಡ ಬೆರೆಸಿ ಒಂದೇ ಉಸಿರಿಗೆ ಹೇಳಿದಳು. ಅವನು ನಂಬಲಿಲ್ಲ. "ಅಕ್ಕನಿಗೆ ಕೊಡು" ಅಂದ.

"ಏನಕ್ಕ ಇವಳು ಹೇಳೋದು? ಆ ಕೆರೇಲಿ ನೀರೆಲ್ಲಿದೆ?"

ಇದೆ ಕಣೋ, ಏರಿವರೆಗೂ ಇದೆ ಅಂದೆ.

ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಕೇಳಿದ: "ಹಂಗಾದ್ರೆ ನಮ್ಮ ಪಿಚ್ ಮುಳುಗೋಯ್ತಾ?"