ಸೊಟ್ಟ ಸ್ಟೇರಿಂಗ್‌ಗೆ ಎರಡೂ ಟೈ ರಾಡ್ ಮುಟ್ಟುವ ಅಂಗಡಿ

ಅಲಾಯ್ ಚಕ್ರವನ್ನೋ ಹೊಸ ಟೈರನ್ನೋ ಹಾಕಿಸಿದ ಮೇಲೆ ಕಾರು ನೆಟ್ಟಗೆ ಓಡುತ್ತಿದ್ದರೂ ಸ್ಟೇರಿಂಗ್ ಸೊಟ್ಟ ಕೂತಿದೆಯೆ? ಶಿವಮೊಗ್ಗದ ಸಾಗರ ರಸ್ತೆ ಕಡೆಯ ಚಕ್ರಗಳ ಕೋನ ಸರಿಪಡಿಸುವ ಈ ಒಂದೇ ಪಿಟ್ಟಿನ ಅಲೈನ್‌ಮೆಂಟ್ ಅಂಗಡಿಗೆ ಧೈರ್ಯವಾಗಿ ಹೋಗಬಹುದು.

ಗಾಡಿ ಪಿಟ್ಟಿಗೆ ಏರುವ ಮೊದಲೇ ಇಲ್ಲಿ ಕೇಳುವ ಪ್ರಶ್ನೆ: "ಗಾಡಿ ಎಳೆಯುತ್ತಾ, ಇಲ್ಲಾ ಸ್ಟೇರಿಂಗ್ ಮಾತ್ರ ಸೊಟ್ಟನಾ?" ಅರ್ಧ ಕೆಲಸ ಈ ಪ್ರಶ್ನೆಯಲ್ಲೇ ಇದೆ. ಎಳೆತಕ್ಕೆ ಗಾಳಿ ಹೆಚ್ಚುಕಮ್ಮಿ, ಹಿಡಿದುಕೊಂಡ ಬ್ರೇಕ್, ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ವ್ಯತ್ಯಾಸ ಅಥವಾ ಟೈರೇ ಕಾರಣವಿರಬಹುದು. ಮುಂದಿನ ಎರಡು ಚಕ್ರಗಳನ್ನು ಎಡಬಲ ಬದಲಿಸಿದಾಗ ಎಳೆತವೂ ದಿಕ್ಕು ಬದಲಿಸಿದರೆ ತಪ್ಪು ಟೈರಿನದು. ಒಂದೇ ದಿಕ್ಕಿಗೆ ಉರುಳಬೇಕಾದ, ಬಾಣದ ಗುರುತಿನ ಟೈರಾದರೆ ಈ ಉಪಾಯ ಬೇಡ. ನಮ್ಮ ರಸ್ತೆಗಳು ಮಳೆನೀರು ಹರಿಯಲೆಂದು ಎಡಕ್ಕೆ ಇಳಿಜಾರಾಗಿರುವುದರಿಂದ ಗಾಡಿ ತುಸು ಎಡಕ್ಕೆ ವಾಲುವುದು ಸಹಜ; ಅದನ್ನೂ ರಿಪೇರಿ ಮಾಡಿಸಲು ಹೊರಡಬೇಡಿ.

ಸೊಟ್ಟ ಸ್ಟೇರಿಂಗ್‌ನದು ಬೇರೆ ಲೆಕ್ಕ. ಚಕ್ರ ಬದಲಿಸಿದ ಮಾತ್ರಕ್ಕೆ ಟೈ ರಾಡಿನ (ಸ್ಟೇರಿಂಗ್ ತಿರುವನ್ನು ಮುಂದಿನ ಚಕ್ರಕ್ಕೆ ಮುಟ್ಟಿಸುವ ಸರಳು, ಎಡಕ್ಕೊಂದು ಬಲಕ್ಕೊಂದು) ಉದ್ದ ಬದಲಾಗುವುದಿಲ್ಲ. ಬಹಳ ಸಲ ಜೊತೆಯಲ್ಲೇ ಮಾಡಿದ ಅವಸರದ ಅಲೈನ್‌ಮೆಂಟ್‌ನದೇ ತಪ್ಪು. ಒಂದೇ ಬದಿಯ ಟೈ ರಾಡ್ ತಿರುಗಿಸಿದರೂ ಒಟ್ಟು ಟೋ (ಮೇಲಿನಿಂದ ನೋಡಿದಾಗ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿಬಂದು ಅಳತೆ ಯಂತ್ರದ ಪರದೆ ಹಸಿರಾಗುತ್ತದೆ. ಆದರೆ ಓಡುವಾಗ ಎರಡೂ ಚಕ್ರಗಳು ಆ ಕೋನವನ್ನು ಸಮನಾಗಿ ಹಂಚಿಕೊಳ್ಳುತ್ತವೆ, ಹಂಚಿಕೊಂಡಷ್ಟು ಸ್ಟೇರಿಂಗ್ ತಿರುಗಿ ನಿಲ್ಲುತ್ತದೆ.

ಇಲ್ಲಿ ಮೊದಲು ಚಕ್ರ ಹಿಡಿದಿರುವ ಕೀಲುಗಳಾದ ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಲೋವರ್ ಆರ್ಮ್ ಬುಶ್ ಅಲ್ಲಾಡಿಸಿ ನೋಡುತ್ತಾರೆ. ಘಾಟಿ, ಹೊಂಡಗಳಲ್ಲಿ ಓಡಿದ ಗಾಡಿಯಲ್ಲಿ ಇವುಗಳಲ್ಲಿ ಪ್ಲೇ (ಸಡಿಲ) ಇದ್ದರೆ ಅಲೈನ್‌ಮೆಂಟ್ ಒಂದು ವಾರವೂ ನಿಲ್ಲದು. ಚಕ್ರ ಕೂರುವ ಹಬ್ ಮುಖಕ್ಕೆ ಅಂಟಿದ ಕೆಂಪು ಮಣ್ಣು, ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜುತ್ತಾರೆ. ಚಕ್ರ ಸರಿಯಾಗಿ ಕೂರದಿದ್ದರೆ ಬರುವುದು ನಡುಕ. ಆಮೇಲೆ ನಾಲ್ಕೂ ಚಕ್ರಕ್ಕೆ ಅಳತೆಯ ಕ್ಲಾಂಪ್. ಸಣ್ಣ ಕಾರುಗಳ ಹಿಂದಿನ ಆಕ್ಸಲ್‌ನಲ್ಲಿ ಸಾಮಾನ್ಯವಾಗಿ ಹೊಂದಿಸಲು ಏನೂ ಇರುವುದಿಲ್ಲ, ಆದರೂ ಅಳೆಯಲೇಬೇಕು. ಹಿಂದಿನ ಚಕ್ರಗಳು ಓರೆಯಾಗಿ ತಳ್ಳುತ್ತಿದ್ದರೆ ಮುಂದಿನದು ಎಷ್ಟೇ ಸರಿಯಿದ್ದರೂ ಸ್ಟೇರಿಂಗ್ ಸೊಟ್ಟವೇ.

ನಂತರ ಸ್ಟೇರಿಂಗ್ ಮಟ್ಟಕ್ಕೆ ತಂದು ಹೋಲ್ಡರ್‌ನಿಂದ ಬಿಗಿದು, ಎರಡೂ ಬದಿಯ ಟೈ ರಾಡಿನ ಲಾಕ್ ನಟ್ ಸಡಿಲಿಸಿ, ಎಡ ಬಲ ಟೋ ಒಂದೊಂದಾಗಿ ಸಮ ಮಾಡುತ್ತಾರೆ. ಒಟ್ಟು ಟೋ ಆಗಲೇ ಸರಿಯಿದ್ದರೆ ಒಂದು ಬದಿ ಉದ್ದ ಮಾಡಿದಷ್ಟೇ ಇನ್ನೊಂದು ಬದಿ ಗಿಡ್ಡ ಮಾಡಬೇಕು. ರ‍್ಯಾಕ್ ಬೂಟಿನ (ಸ್ಟೇರಿಂಗ್ ತಿರುವನ್ನು ಟೈ ರಾಡಿಗೆ ದಾಟಿಸುವ ಹಲ್ಲುಪಟ್ಟಿಯ ರಬ್ಬರ್ ಕವಚ) ಕ್ಲಿಪ್ ಬಿಚ್ಚದೆ ರಾಡ್ ತಿರುಗಿಸಿದರೆ ಬೂಟ್ ತಿರುಚಿಕೊಂಡು ಹರಿಯುತ್ತದೆ, ಮಳೆಗಾಲದ ಕೆಸರು ನೇರ ರ‍್ಯಾಕ್‌ಗೆ. ಸ್ಟೇರಿಂಗ್ ಬಿಚ್ಚಿ ಸ್ಪ್ಲೈನ್ (ಸ್ಟೇರಿಂಗ್ ಕೂರುವ ದಂಡದ ಹಲ್ಲುಗಳು) ಮೇಲೆ ಒಂದು ಹಲ್ಲು ಸರಿಸಿ ಕೂರಿಸುವ ಅಡ್ಡದಾರಿ ಇಲ್ಲಿಲ್ಲ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದು ಅಪಾಯ. ಮೇಲಾಗಿ ಟೋ ತಪ್ಪಿದ್ದರೆ ಅದು ಹಾಗೇ ಉಳಿದು ಟೈರ್ ತಿನ್ನುತ್ತದೆ.

ಕೊರತೆಗಳೂ ಇವೆ. ಚಕ್ರದ ನಟ್ ಬಿಗಿಯುವುದು ಗಾಳಿ ಗನ್‌ನಲ್ಲಿ. ಅಳತೆಗೆ ತಕ್ಕಷ್ಟೇ ಬಿಗಿಯುವ ಟಾರ್ಕ್ ರೆಂಚ್ ಕೇಳಿದರಷ್ಟೇ ಹೊರಬರುತ್ತದೆ. ಕೇಳಿಯೇ ಬಿಡಿ, ಅಲಾಯ್‌ಗೆ ತಕ್ಕ ನಟ್ ಹಾಕಿದ್ದಾರೆಯೇ ಎಂದೂ ನೋಡಿ, ನೂರು ಕಿಲೋಮೀಟರ್ ಒಳಗೆ ಮತ್ತೊಮ್ಮೆ ಬಿಗಿಸಿ. ಇಎಸ್‌ಪಿ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಗೆ ಸ್ಟೇರಿಂಗ್ ಆ್ಯಂಗಲ್ ಸೆನ್ಸರ್ ರೀಸೆಟ್ ಬೇಕಾದೀತು, ಅದಕ್ಕೆ ಸ್ಕ್ಯಾನರ್ ಇಲ್ಲಿಲ್ಲ. ಬ್ಯಾಲೆನ್ಸಿಂಗ್ ತೂಕಕ್ಕೆ ಗ್ರಾಂ ಲೆಕ್ಕದಲ್ಲಿ ಬೇರೆ ದುಡ್ಡು. ಕೆಲಸಕ್ಕೆ ಮುಂಚಿನ ಮತ್ತು ನಂತರದ ಅಳತೆಯ ಪ್ರಿಂಟ್ ಇಸಿದುಕೊಂಡು, ಸಮತಟ್ಟಾದ ನೇರ ರಸ್ತೆಯಲ್ಲಿ ಓಡಿಸಿ ನೋಡಿ ದುಡ್ಡು ಕೊಡಿ. ಶನಿವಾರ ಸಂಜೆ ಮಾತ್ರ ಬೇಡ, ಸಾಲು ರಸ್ತೆವರೆಗೂ ಬಂದಿರುತ್ತದೆ.