ಕೊಡಗಿನ ದೊಡ್ಡ ಹಾಲ್‌ಗೆ ಯಾವ ಎಸಿ? ರೂಫ್‌ಟಾಪ್ ಪ್ಯಾಕೇಜ್, ಡಕ್ಟೆಡ್ ಸ್ಪ್ಲಿಟ್, ವಿಆರ್‌ಎಫ್ ಮೂರನ್ನೂ ಓಡಿಸಿ ನೋಡಿದ ಮೇಲೆ

ಕೊಡಗಿನಲ್ಲಿ ಹಾಲ್‌ಗೋ ಹೋಟೆಲ್‌ಗೋ ಎಸಿ ಹಾಕಿಸುವವರು ಮೊದಲು ಕೇಳುವುದು "ಎಷ್ಟು ಟನ್ ಬೇಕು?" ಅಂತ. ನಾನು ತಿರುಗಿ ಕೇಳುವುದು "ಜುಲೈನಲ್ಲಿ ನಿಮ್ಮ ಹಾಲ್ ಒಳಗೆ ಹೇಗಿರುತ್ತದೆ?" ಅಂತ. ಸೆಖೆ ಇಲ್ಲಿ ಎರಡು ಮೂರು ತಿಂಗಳ ಮಾತು. ತೇವ, ಮಂಜು, ಚಳಿ, ಹೋಗಿ ಬರುವ ಕರೆಂಟು ಇವುಗಳ ಜೊತೆ ಮಿಷನ್ ವರ್ಷದ ಉಳಿದ ದಿನವೆಲ್ಲ ಬದುಕಬೇಕು. ಕ್ಯಾಟಲಾಗ್‌ನ ಮೊದಲ ಪುಟದಲ್ಲಿ ಟನ್, ಸ್ಟಾರ್ ಇರುತ್ತವೆ. ನಮಗೆ ಬೇಕಾದ್ದು ಹಿಂದಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ: ಹೊರಗೆ ಎಷ್ಟು ಡಿಗ್ರಿಯಿಂದ ಎಷ್ಟರವರೆಗೆ ಓಡಿಸಬಹುದು, ಗಾಳಿ ಎಷ್ಟು ಹರಿಯಬೇಕು, ವೋಲ್ಟೇಜ್ ಎಷ್ಟು ಏರುಪೇರಾದರೆ ತಡೆಯುತ್ತದೆ. ಈ ಬರಹ ಪೂರ್ತಿ ಆ ಪುಟಗಳ ಬಗ್ಗೆಯೇ.

ನಾನು ಎಸಿ ಸರ್ವಿಸ್ ಕೆಲಸದವನು. ಮಡಿಕೇರಿಯ ಒಂದು ಲಾಡ್ಜ್‌ನ ಊಟದ ಹಾಲ್‌ನಲ್ಲಿ ಹೀಟ್ ಪಂಪ್ (ಎಸಿಯನ್ನೇ ಉಲ್ಟಾ ಓಡಿಸಿ ಹೊರಗಿನ ಶಾಖ ಒಳಗೆ ತರುವುದು) ಇರುವ ರೂಫ್‌ಟಾಪ್ ಪ್ಯಾಕೇಜ್ ಯೂನಿಟ್ ಇದೆ. ಅದೇ ಊರಿನ ಇನ್ನೊಂದು ಕಡೆ ರೂಮುಗಳಿಗೂ ಲಾಬಿಗೂ ವಿಆರ್‌ಎಫ್ ಇದೆ. ಗೋಣಿಕೊಪ್ಪದ ಒಂದು ಮದುವೆ ಹಾಲ್‌ನಲ್ಲಿ ಡಕ್ಟೆಡ್ ಸ್ಪ್ಲಿಟ್, ಕುಶಾಲನಗರದ ಒಂದು ಬಟ್ಟೆ ಅಂಗಡಿಯಲ್ಲಿ ಬರೀ ಕೂಲಿಂಗ್ ಇರುವ ರೂಫ್‌ಟಾಪ್. ಇವನ್ನೆಲ್ಲ ಮಳೆಗಾಲ, ಚಳಿಗಾಲ, ಬೇಸಿಗೆ ಮೂರರಲ್ಲೂ ನೋಡಿಕೊಂಡಿದ್ದೇನೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ರೂಫ್‌ಟಾಪ್ ಪ್ಯಾಕೇಜ್ ಅಂದರೆ ಗ್ಯಾಸ್ ಒತ್ತುವ ಕಂಪ್ರೆಸರ್, ಶಾಖ ಹೊರಗೆ ಬಿಸಾಡುವ ಕಂಡೆನ್ಸರ್, ಕೂಲಿಂಗ್ ಕಾಯಿಲ್, ಗಾಳಿ ತಳ್ಳುವ ಬ್ಲೋವರ್ ಎಲ್ಲ ಒಂದೇ ಡಬ್ಬದಲ್ಲಿ ಟೆರೇಸ್ ಮೇಲೆ ಕೂರುತ್ತವೆ. ಹಾಲ್ ಒಳಗೆ ಬರುವುದು ಡಕ್ಟ್ (ಗಾಳಿಯ ಕೊಳವೆ) ಮಾತ್ರ. ಡಕ್ಟೆಡ್ ಸ್ಪ್ಲಿಟ್‌ನಲ್ಲಿ ಒಳಗಿನ ಯೂನಿಟ್ ಸೀಲಿಂಗ್ ಮೇಲೆ, ಹೊರಗಿನದು ಬೇರೆ, ನಡುವೆ ತಾಮ್ರದ ಪೈಪು. ವಿಆರ್‌ಎಫ್‌ನಲ್ಲಿ ಒಂದು ಹೊರಗಿನ ಯೂನಿಟ್‌ಗೆ ಹಲವು ಒಳಗಿನ ಯೂನಿಟ್ ಸೇರಿಸಿ, ವೇಗ ಬದಲಾಯಿಸುವ ಇನ್ವರ್ಟರ್ ಕಂಪ್ರೆಸರ್‌ನಿಂದ ಬೇಕಾದಷ್ಟೇ ಗ್ಯಾಸ್ ಓಡಿಸುತ್ತಾರೆ.

ಮೊದಲು ಬೇಸಿಗೆಯನ್ನು ಮುಗಿಸಿಬಿಡೋಣ. ಸಾಮಾನ್ಯವಾಗಿ ಎಸಿಗಳ ಟನ್ ಅಳೆಯುವುದು ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇಟ್ಟುಕೊಂಡು. ಕುಶಾಲನಗರದ ಏಪ್ರಿಲ್ ಬಿಸಿಲು ಹೆಚ್ಚುಕಮ್ಮಿ ಅಲ್ಲಿಗೇ ನಿಲ್ಲುತ್ತದೆ. ಕಾದ ಟೆರೇಸ್ ಮೇಲೆ ಇನ್ನೂ ನಾಲ್ಕೈದು ಡಿಗ್ರಿ ಸೇರಿಸಿದರೂ ಒಳ್ಳೆಯ ಯೂನಿಟ್‌ಗಳ 46 ಡಿಗ್ರಿ ಮೇಲ್ಮಿತಿಗೆ ದೂರವೇ. ಮೂರೂ ಬಗೆಯವು ಇಲ್ಲಿ ಸುಖವಾಗಿ ಓಡುತ್ತವೆ. ಬೇಸಿಗೆ ನೋಡಿ ಆರಿಸಿದರೆ ಮೂರರ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ.

ವ್ಯತ್ಯಾಸ ಕಾಣುವುದು ಚಳಿಯಲ್ಲಿ ಕೂಲಿಂಗ್ ಬೇಕಾದಾಗ. ಹೊರಗೆ ಚಳಿ ಇದ್ದರೆ ಕೂಲಿಂಗ್ ಯಾಕೆ ಅಂತ ಕೇಳಬಹುದು. ಗೋಣಿಕೊಪ್ಪದ ಹಾಲ್‌ನಲ್ಲಿ ಡಿಸೆಂಬರ್ ರಾತ್ರಿ 500 ಜನ ಕೂತಿದ್ದಾರೆ ಅಂದುಕೊಳ್ಳಿ. ಸುಮ್ನೆ ಕೂತ ಒಬ್ಬ ಮನುಷ್ಯನಿಂದ ಸುಮಾರು 115 ವಾಟ್ ಶಾಖ ಬರುತ್ತದೆ. 500 ಜನರಿಂದ 57 ಕಿಲೋವಾಟ್. ಒಂದು ಟನ್ ಅಂದರೆ 3.5 ಕಿಲೋವಾಟ್, ಹಾಗಾಗಿ ಜನರ ಮೈಶಾಖಕ್ಕೇ 16 ಟನ್ ಬೇಕು. ಹೊರಗೆ ಶಾಲು ಹೊದ್ದುಕೊಂಡು ಬಂದವರು ಒಳಗೆ ಬೆವರುತ್ತಾರೆ.

ಆ ಹಾಲ್‌ನ ಡಕ್ಟೆಡ್ ಸ್ಪ್ಲಿಟ್‌ಗಳು ಫಿಕ್ಸೆಡ್ ಸ್ಪೀಡ್, ಅಂದರೆ ಕಂಪ್ರೆಸರ್ ಓಡುವುದು ಒಂದೇ ವೇಗದಲ್ಲಿ. ಇಂಥ ಹಲವು ಮಾಡೆಲ್‌ಗಳಲ್ಲಿ ಕೂಲಿಂಗ್‌ಗೆ ಹೊರಗಿನ ಕೆಳಮಿತಿ 18 ರಿಂದ 21 ಡಿಗ್ರಿ. ಅದಕ್ಕಿಂತ ಚಳಿಯಾದರೆ ಕಂಡೆನ್ಸರ್ ತುಂಬ ತಣ್ಣಗಾಗಿ ಹೆಡ್ ಪ್ರೆಷರ್ (ಕಂಪ್ರೆಸರ್ ಹೊರಬಿಡುವ ಕಡೆಯ ಒತ್ತಡ) ಬೀಳುತ್ತದೆ. ಒಳಗಿನ ಕಾಯಿಲ್‌ಗೆ ಸಾಕಷ್ಟು ಗ್ಯಾಸ್ ಹೋಗುವುದಿಲ್ಲ, ಸಕ್ಷನ್ (ಎಳೆಯುವ ಕಡೆಯ ಒತ್ತಡ) ಕೂಡ ಬೀಳುತ್ತದೆ, ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ. ಐಸ್ ಕರಗಿದಾಗ ನೀರು ಸೀಲಿಂಗ್‌ನಿಂದ ಊಟದ ಎಲೆ ಮೇಲೆ ತೊಟ್ಟಿಕ್ಕುತ್ತದೆ. ಕಂಡೆನ್ಸರ್ ಫ್ಯಾನ್‌ಗೆ ಪ್ರೆಷರ್ ನೋಡಿ ವೇಗ ತಗ್ಗಿಸುವ ಕಂಟ್ರೋಲರ್ ಹಾಕಿದ ಮೇಲೆ ಅಲ್ಲಿ ತೊಂದರೆ ತಗ್ಗಿತು. ಆದರೆ ಇದು ಆರ್ಡರ್ ಮಾಡುವಾಗಲೇ ಕೇಳಿ ತರಿಸಬೇಕಾದ ವಸ್ತು.

ವಿಆರ್‌ಎಫ್ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಹೆಚ್ಚಿನವು ಮೈನಸ್ 5 ಡಿಗ್ರಿವರೆಗೆ ಕೂಲಿಂಗ್ ಕೊಡುತ್ತವೆ. ರೂಫ್‌ಟಾಪ್‌ಗಳ ಕೆಳಮಿತಿ ಮಾಡೆಲ್ ನೋಡಿಕೊಂಡು 4 ರಿಂದ 13 ಡಿಗ್ರಿ ನಡುವೆ ಇರುತ್ತದೆ. ಆದರೆ ರೂಫ್‌ಟಾಪ್‌ಗೆ ಇನ್ನೊಂದು ದಾರಿ ಇದೆ, ಅದು ನನಗೆ ಬಹಳ ಇಷ್ಟ: ಇಕಾನಮೈಜರ್. ಹೊರಗಿನ ಗಾಳಿ ತಣ್ಣಗಿದ್ದರೆ ಡ್ಯಾಂಪರ್ (ಗಾಳಿಯ ಬಾಗಿಲು) ತೆರೆದು ಅದನ್ನೇ ಹಾಲ್‌ಗೆ ಕಳಿಸುತ್ತದೆ. ಕಂಪ್ರೆಸರ್ ಓಡುವುದೇ ಇಲ್ಲ. ಜನವರಿಯ ಒಣ ಸಂಜೆಯಲ್ಲಿ ಮಡಿಕೇರಿಯ ಗಾಳಿಗಿಂತ ಒಳ್ಳೆಯ ಎಸಿ ಬೇಕಾ? ಹಾಲ್‌ನಲ್ಲಿ ಜನ ತುಂಬಿದಾಗ ಬರುವ ಉಸಿರುಕಟ್ಟಿದ ವಾಸನೆಯೂ ಹೋಗುತ್ತದೆ. ಸ್ಪ್ಲಿಟ್ ಮತ್ತು ವಿಆರ್‌ಎಫ್ ಒಳಗಿನ ಗಾಳಿಯನ್ನೇ ತಿರುಗಿಸುತ್ತಿರುತ್ತವೆ. ತಾಜಾ ಗಾಳಿಗೆ ಬೇರೆ ಫ್ಯಾನು, ಬೇರೆ ಡಕ್ಟ್ ಹಾಕಬೇಕು, ಹೆಚ್ಚಿನವರು ಹಾಕುವುದೇ ಇಲ್ಲ.

ಆದರೆ ಇಕಾನಮೈಜರ್ ಬರೀ ಥರ್ಮಾಮೀಟರ್ ನೋಡಿ ತೆರೆಯುವಂತಿದ್ದರೆ ಕೊಡಗಿನಲ್ಲಿ ಅನಾಹುತ. ಜುಲೈನಲ್ಲಿ ಹೊರಗೆ 19 ಡಿಗ್ರಿ, ತೇವ ಶೇ. 95. ಒಳಗೆ 24 ಡಿಗ್ರಿ, ತೇವ ಶೇ. 55. ಬರೀ ಡಿಗ್ರಿ ನೋಡಿದರೆ ಹೊರಗಿನದೇ ತಂಪು ಗಾಳಿ, ಒಳಗೆ ಬಿಡಬಹುದು ಅನ್ನಿಸುತ್ತದೆ. ಡ್ಯೂ ಪಾಯಿಂಟ್ (ಗಾಳಿಯ ತೇವ ನೀರಾಗಿ ಇಳಿಯಲು ಶುರುವಾಗುವ ಡಿಗ್ರಿ) ನೋಡಿ: ಹೊರಗಿನದು 18ರ ಆಸುಪಾಸು, ಒಳಗಿನದು 14ರ ಆಸುಪಾಸು. ಅಂದರೆ ಡ್ಯಾಂಪರ್ ತೆರೆದಷ್ಟೂ ನೀರನ್ನೇ ಒಳಗೆ ಸುರಿದ ಹಾಗೆ. ಎರಡೇ ದಿನದಲ್ಲಿ ಪರದೆ, ಕುಶನ್ ಎಲ್ಲ ಮುಗ್ಗಲು ವಾಸನೆ. ಎಂಥಾಲ್ಪಿ (ಗಾಳಿಯ ಶಾಖ, ತೇವ ಎರಡೂ ಸೇರಿದ ಲೆಕ್ಕ) ಅಥವಾ ಡ್ಯೂ ಪಾಯಿಂಟ್ ನೋಡುವ ಕಂಟ್ರೋಲ್ ಇಲ್ಲದಿದ್ದರೆ ಮಳೆಗಾಲದಲ್ಲಿ ಡ್ಯಾಂಪರನ್ನು ಕನಿಷ್ಠ ತಾಜಾ ಗಾಳಿಯ ಮಟ್ಟಕ್ಕೆ ಕಟ್ಟಿಹಾಕಿಬಿಡಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಮಳೆಗಾಲದ ಹೀಟಿಂಗ್.

ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ಮಡಿಕೇರಿಗೆ ಬಂದ ಅತಿಥಿಗಳು "ಸ್ವಲ್ಪ ಬೆಚ್ಚಗೆ ಮಾಡಿ" ಅನ್ನುತ್ತಾರೆ. ಹೊರಗೆ 18-20 ಡಿಗ್ರಿ ಮಾತ್ರ, ಆದರೆ ಎಲ್ಲ ಒದ್ದೆ. ವಿಆರ್‌ಎಫ್ ಇರುವ ಕಡೆ ಹೀಟಿಂಗ್ ಹಾಕುತ್ತಾರೆ. ಇಲ್ಲೇ ಯಾರೂ ಓದದ ಒಂದು ಸಾಲು ಇದೆ. ಹಲವು ವಿಆರ್‌ಎಫ್‌ಗಳಲ್ಲಿ ಹೀಟಿಂಗ್‌ಗೆ ಹೊರಗಿನ ಮೇಲ್ಮಿತಿ 15.5 ಡಿಗ್ರಿ ವೆಟ್ ಬಲ್ಬ್ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಡಿಗ್ರಿ). ಒಣ ಊರಿನಲ್ಲಿ 20 ಡಿಗ್ರಿ ಇದ್ದರೂ ವೆಟ್ ಬಲ್ಬ್ 14 ಇರಬಹುದು. ನಮ್ಮಲ್ಲಿ ಮಳೆ ಹಿಡಿದಾಗ ಡ್ರೈ ಬಲ್ಬ್ (ಮಾಮೂಲಿ ಥರ್ಮಾಮೀಟರ್ ಡಿಗ್ರಿ), ವೆಟ್ ಬಲ್ಬ್ ಎರಡೂ ಹತ್ತಿರ ಹತ್ತಿರ ಒಂದೇ. ಅಂದರೆ ಮಿಷನ್ ತನ್ನ ಮಿತಿಯ ಹೊರಗೆ ಓಡುತ್ತಿದೆ. ನಾನು ನೋಡಿಕೊಳ್ಳುವ ಜಾಗದಲ್ಲಿ ಅದು ಹೈ ಪ್ರೆಷರ್ ತಪ್ಪಿಸಿಕೊಳ್ಳಲು ಮೆಲ್ಲಗಾಗುತ್ತದೆ, ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ರೂಮು ಬೆಚ್ಚಗಾಗುತ್ತದೆ, ತೇವ ಮಾತ್ರ ಇದ್ದಲ್ಲೇ ಇರುತ್ತದೆ. ಗೋಡೆ ಮೂಲೆಯಲ್ಲಿ ಬೂಷ್ಟು ಬರುವುದು ನಿಲ್ಲುವುದಿಲ್ಲ.

ಅತಿಥಿಗಳಿಗೆ ಬೇಕಾಗಿದ್ದು ಒಣ ಗಾಳಿ. ಗಾಳಿಯನ್ನು ಮೊದಲು ತಣಿಸಿ ನೀರು ಹಿಂಡಬೇಕು, ಆಮೇಲೆ ಮತ್ತೆ ಬೆಚ್ಚಗೆ ಮಾಡಿ ಬಿಡಬೇಕು. ರೂಫ್‌ಟಾಪ್‌ನಲ್ಲಿ ಇದಕ್ಕೆ ಹಾಟ್ ಗ್ಯಾಸ್ ರೀಹೀಟ್ ಅಂತ ಆಪ್ಷನ್ ಸಿಗುತ್ತದೆ. ಕೂಲಿಂಗ್ ಕಾಯಿಲ್ ಹಿಂದೆ ಇನ್ನೊಂದು ಕಾಯಿಲ್. ಕಂಡೆನ್ಸರ್‌ನಲ್ಲಿ ಹೊರಗೆ ಬಿಸಾಡುವ ಶಾಖದಲ್ಲೇ ಒಂದಷ್ಟನ್ನು ಅಲ್ಲಿಗೆ ತಿರುಗಿಸಿ ಗಾಳಿ ಬೆಚ್ಚಗೆ ಮಾಡುತ್ತದೆ. ಮಡಿಕೇರಿಯ ಊಟದ ಹಾಲ್‌ನಲ್ಲಿ ಇರುವುದು ಇದೇ. ಮಳೆಗಾಲದಲ್ಲಿ ಕಾಲಿಡುವಾಗಲೇ ಗೊತ್ತಾಗುತ್ತದೆ: ಟೇಬಲ್ ಮೇಲಿನ ಬಟ್ಟೆ ಒಣಗಿರುತ್ತದೆ, ಹಪ್ಪಳ ಗರಿಗರಿ ಇರುತ್ತದೆ. ಇದೊಂದೇ ಕಾರಣಕ್ಕೆ ಮಡಿಕೇರಿ, ಭಾಗಮಂಡಲ, ಸೋಮವಾರಪೇಟೆ ಕಡೆಯ ದೊಡ್ಡ ಹಾಲ್‌ಗೆ ನಾನು ರೂಫ್‌ಟಾಪ್ ಹೇಳುತ್ತೇನೆ.

ತೇವ ಹಿಂಡಬೇಕಾದರೆ ಗಾಳಿಯ ವೇಗವೂ ಸರಿ ಇರಬೇಕು. ಸಾಮಾನ್ಯ ಲೆಕ್ಕ ಟನ್ನಿಗೆ 350 ರಿಂದ 450 ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ). ನಾನು ಇಲ್ಲಿ 350ರ ಹತ್ತಿರ ಇಡುತ್ತೇನೆ. ಗಾಳಿ ನಿಧಾನವಾದರೆ ಕಾಯಿಲ್ ಜಾಸ್ತಿ ತಣ್ಣಗಾಗಿ ನೀರು ಹೆಚ್ಚು ಇಳಿಯುತ್ತದೆ. 300ಕ್ಕಿಂತ ಕೆಳಗೆ ಹೋದರೆ ಐಸ್ ಕಟ್ಟುವ ಭಯ. ಟನ್ ಜಾಸ್ತಿ ಹಾಕಿದರೆ ಒಳ್ಳೆಯದು ಅನ್ನುವವರಿಗೆ ಇದನ್ನೇ ಹೇಳುತ್ತೇನೆ: ದೊಡ್ಡ ಮಿಷನ್ ಬೇಗ ಡಿಗ್ರಿ ಮುಟ್ಟಿ ನಿಂತುಬಿಡುತ್ತದೆ, ನೀರು ಹಿಂಡಲು ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ.

ಚಳಿಗಾಲದ ಹೀಟಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಡಿಕೇರಿಯ ಚಳಿ ರಾತ್ರಿ 10 ಡಿಗ್ರಿ ಆಸುಪಾಸು, ಹೀಟ್ ಪಂಪ್‌ಗೆ ಅದು ಆರಾಮದ ಜಾಗ. ಹೊರಗಿನ ಕಾಯಿಲ್ ಮೇಲೆ ಹಿಮ ಕಟ್ಟಿ ಅದನ್ನು ಕರಗಿಸಲು ಡೀಫ್ರಾಸ್ಟ್‌ಗೆ ಹೋಗುವುದು ಅಪರೂಪ. 10 ಟನ್ ಯೂನಿಟ್‌ನಿಂದ 35 ಕಿಲೋವಾಟ್ ಶಾಖ ಬೇಕಾದರೆ ಹೀಟರ್ ಸ್ಟ್ರಿಪ್ (ಕರೆಂಟಿನಿಂದ ಕಾಯುವ ಪಟ್ಟಿ) 35 ಕಿಲೋವಾಟ್ ಕರೆಂಟೇ ತಿನ್ನುತ್ತದೆ. ಹೀಟ್ ಪಂಪ್ ಸುಮಾರು 12ರಲ್ಲಿ ಮುಗಿಸುತ್ತದೆ. ಬರೀ ಕೂಲಿಂಗ್ ಯೂನಿಟ್ ತೆಗೆದುಕೊಂಡು ಸ್ಟ್ರಿಪ್ ಹಾಕಿಸಿ ಅಂದರೆ ನಾನು ಬೇಡ ಅನ್ನುತ್ತೇನೆ.

ಎತ್ತರದ ಮಾತು ಯಾರೂ ಎತ್ತುವುದಿಲ್ಲ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ. ಸಾಮಾನ್ಯ ಮೋಟಾರ್‌ಗಳ ರೇಟಿಂಗ್ 1000 ಮೀಟರ್‌ವರೆಗೆ ಮಾತ್ರ. ಗಾಳಿ ತೆಳುವಾದಷ್ಟೂ ಮೋಟಾರ್ ತಣಿಯುವುದು ಕಡಿಮೆ. ಅಷ್ಟೇ ಸಿಎಫ್‌ಎಂ ಹರಿದರೂ ಗಾಳಿಯ ತೂಕ ಶೇ. 12-13ರಷ್ಟು ಕಡಿಮೆ ಇರುತ್ತದೆ. ಕೂಲಿಂಗ್ ಕೆಲವೇ ಶೇಕಡಾ ಕುಗ್ಗುತ್ತದೆ, ಹೀಟರ್ ಸ್ಟ್ರಿಪ್ ಇದ್ದರೆ ಅದರಿಂದ ಹೊರಡುವ ಗಾಳಿ ಮಾತ್ರ ಲೆಕ್ಕಕ್ಕಿಂತ ಜಾಸ್ತಿ ಬಿಸಿ. ಕುಶಾಲನಗರ 1000ಕ್ಕಿಂತ ಕೆಳಗಿದೆ, ಅಲ್ಲಿ ಈ ಚಿಂತೆ ಇಲ್ಲ. ಮಡಿಕೇರಿಗೆ ಬ್ಲೋವರ್ ಮೋಟಾರ್ ಲೆಕ್ಕಕ್ಕಿಂತ ಸ್ವಲ್ಪ ದೊಡ್ಡದೇ ಇರಲಿ.

ಕರೆಂಟಿನ ವಿಷಯದಲ್ಲಿ ರೂಫ್‌ಟಾಪ್ ಮತ್ತು ಡಕ್ಟೆಡ್ ಸ್ಪ್ಲಿಟ್ ಒಂದು ಕಡೆ, ವಿಆರ್‌ಎಫ್ ಇನ್ನೊಂದು ಕಡೆ. ಮೊದಲಿನ ಎರಡರಲ್ಲಿ ಕಾಂಟ್ಯಾಕ್ಟರ್, ರಿಲೇ, ಕೆಪಾಸಿಟರ್ ಥರದ ಸರಳ ಬಿಡಿಭಾಗಗಳು. ಕೆಟ್ಟರೆ ಮಡಿಕೇರಿ, ಮೈಸೂರಿನಲ್ಲೇ ಸಿಗುತ್ತವೆ. ಆದರೆ ಕಂಪ್ರೆಸರ್ ಹೊರಡುವಾಗ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ, ಸಣ್ಣ ಜನರೇಟರ್ ನರಳುತ್ತದೆ. ವಿಆರ್‌ಎಫ್ ಮೆಲ್ಲಗೆ ಹೊರಡುತ್ತದೆ, ಜನರೇಟರ್‌ಗೆ ಹಿತ. ಆದರೆ ಅದರ ಇನ್ವರ್ಟರ್ ಬೋರ್ಡಿಗೆ ಸಿಡಿಲಿನ ಸರ್ಜ್ (ವೋಲ್ಟೇಜಿನ ದಿಢೀರ್ ಏರಿಕೆ) ತಡೆಯಲು ಆಗುವುದಿಲ್ಲ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ), ಗುಡುಗಿನ ದಿನಗಳಲ್ಲಿ ಬೋರ್ಡು ಹೋದರೆ ಹೊಸದು ಬರುವವರೆಗೆ ಆ ಯೂನಿಟ್‌ಗೆ ಸೇರಿದ ರೂಮುಗಳೆಲ್ಲ ನಿಂತಂತೆ. ಸರ್ಜ್ ಪ್ರೊಟೆಕ್ಟರ್ ಇಲ್ಲದೆ ಇಲ್ಲಿ ವಿಆರ್‌ಎಫ್ ಹಾಕಲೇಬೇಡಿ.

ಮೂರಕ್ಕೂ ಅನ್ವಯಿಸುವ ಮಿತಿ: ವೋಲ್ಟೇಜು ಯೂನಿಟ್‌ನ ನೇಮ್‌ಪ್ಲೇಟ್ ಮೇಲೆ ಬರೆದಿದ್ದಕ್ಕಿಂತ ಶೇ. 10 ಆಚೀಚೆ, ಫೇಸ್‌ಗಳ ನಡುವಿನ ಅಸಮತೋಲನ ಶೇ. 2ರ ಒಳಗೆ. ಮೂರು ಫೇಸ್ 410, 402, 418 ಬಂದರೆ ಸರಾಸರಿ 410, ಅತಿ ಹೆಚ್ಚಿನ ವ್ಯತ್ಯಾಸ 8, ಅಂದರೆ ಶೇ. 1.95. ಮಿತಿಯ ಅಂಚಿನಲ್ಲಿದೆ. ಮರ ಬಿದ್ದು ಲೈನ್ ಹರಿದು ಮತ್ತೆ ಕಟ್ಟಿದಾಗ ಫೇಸ್ ಅದಲುಬದಲಾಗುವುದೂ ಉಂಟು. ಸ್ಕ್ರೋಲ್ ಕಂಪ್ರೆಸರ್ ಆಗ ಹಿಂದಕ್ಕೆ ತಿರುಗುತ್ತದೆ, ಗರಗರ ಸದ್ದು ಮಾಡುತ್ತದೆ, ತಣಿಸುವುದಿಲ್ಲ. ಫೇಸ್ ಸೀಕ್ವೆನ್ಸ್ ರಿಲೇ ಇದ್ದರೆ ಹೊರಡುವುದೇ ಇಲ್ಲ, ಕಂಪ್ರೆಸರ್ ಉಳಿಯುತ್ತದೆ.

ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗಿ ಬಂದ ಮೇಲೆ ಯಾರೂ ತಕ್ಷಣ ಸ್ವಿಚ್ ಒತ್ತಬೇಡಿ, ದಯವಿಟ್ಟು. ಕಂಪ್ರೆಸರ್ ತಣ್ಣಗಿದ್ದಾಗ ದ್ರವ ಗ್ಯಾಸ್ ಅದರ ಆಯಿಲ್ ಒಳಗೆ ಸೇರಿಕೊಳ್ಳುತ್ತದೆ. ಮೇನ್ ಆನ್ ಮಾಡಿ, ಥರ್ಮೋಸ್ಟಾಟ್ ಆಫ್ ಇಟ್ಟು, ಕ್ರ್ಯಾಂಕ್‌ಕೇಸ್ ಹೀಟರ್‌ಗೆ (ಕಂಪ್ರೆಸರ್ ತಳ ಬೆಚ್ಚಗೆ ಮಾಡಿ ಆ ಗ್ಯಾಸನ್ನು ಆಯಿಲ್‌ನಿಂದ ಬಿಡಿಸುವುದು) 12 ರಿಂದ 24 ಗಂಟೆ ಕೊಡಿ. ಮದುವೆ ನಾಳೆ ಅಂತ ಅವಸರ ಮಾಡಿ ಕಂಪ್ರೆಸರ್ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಇಷ್ಟೆಲ್ಲ ಹೊಗಳಿದ ರೂಫ್‌ಟಾಪ್ ಎಲ್ಲಿ ಸೋಲುತ್ತದೆ? ಟೆರೇಸ್‌ನಲ್ಲೇ. ಕೊಡಗಿನಲ್ಲಿ ಸೋರಿಕೆಗೆ ಹೆದರಿ ಟೆರೇಸ್ ಮೇಲೆ ಶೀಟ್ ಹೊದಿಸುವುದು ಸಾಮಾನ್ಯ. ಶೀಟಿನ ಕೆಳಗೆ ರೂಫ್‌ಟಾಪ್ ಇಟ್ಟರೆ ಮೇಲಕ್ಕೆ ಉಗುಳಿದ ಬಿಸಿ ಗಾಳಿ ಶೀಟಿಗೆ ಬಡಿದು ಮತ್ತೆ ಕಂಡೆನ್ಸರ್‌ಗೇ ಬರುತ್ತದೆ. ಮೇಲೆ ಬಯಲು ಬೇಕು, ಬದಿಗಳಲ್ಲಿ ಮೂರು ನಾಲ್ಕು ಅಡಿ ಬೇಕು. ಶೀಟ್ ತೆಗೆಯಲು ಒಪ್ಪದವರಿಗೆ, ಹೆಂಚಿನ ಮಾಡು ಇರುವವರಿಗೆ ರೂಫ್‌ಟಾಪ್ ಆಗುವುದಿಲ್ಲ. ಪಕ್ಕದ ಗೋಡೆಗೆ ಕೂರುವ ಡಕ್ಟೆಡ್ ಸ್ಪ್ಲಿಟ್, ಜೊತೆಗೆ ತಾಜಾ ಗಾಳಿಯ ಫ್ಯಾನು ಮತ್ತು ಒಂದು ಡೀಹ್ಯೂಮಿಡಿಫೈಯರ್ ಅವರಿಗೆ ಸರಿ. 10 ಟನ್ ರೂಫ್‌ಟಾಪ್ ಯೂನಿಟ್ ಹೆಚ್ಚುಕಮ್ಮಿ 500 ಕಿಲೋ ತೂಗುತ್ತದೆ. ಮಡಿಕೇರಿಯ ಇಳಿಜಾರಿನ ಇಕ್ಕಟ್ಟು ರಸ್ತೆಗೆ ಕ್ರೇನ್ ಬರುತ್ತದಾ ಅಂತ ಮೊದಲೇ ನೋಡಿ. ಸಣ್ಣ ಸಣ್ಣ ರೂಮುಗಳಿಗೆ ರೂಫ್‌ಟಾಪ್ ಯೋಚನೆಯೇ ಬೇಡ, ಅಲ್ಲಿ ವಿಆರ್‌ಎಫ್ ಗೆಲ್ಲುತ್ತದೆ. ಒಂದೊಂದು ರೂಮಿಗೂ ಬೇರೆ ಬೇರೆ ಡಿಗ್ರಿ ಬೇಕಲ್ವಾ?

ರೂಫ್‌ಟಾಪ್ ಕೂರಿಸುವಾಗ ಕರ್ಬ್ (ಯೂನಿಟ್ ಕೂರುವ ಚೌಕಟ್ಟು) ಮಟ್ಟಸವಾಗಿರಲಿ, ಸುತ್ತ ಸೀಲ್ ಗಟ್ಟಿಯಾಗಿರಲಿ. ಡ್ರೈನ್ ಟ್ರ್ಯಾಪ್‌ಗೆ (ನೀರು ಹೊರಗೆ ಬಿಡುವ ಪೈಪಿನ ಬಾಗು) ಸಾಕಷ್ಟು ಆಳ ಕೊಡಿಸಿ. ಬ್ಲೋವರ್ ಒಳಗಿನಿಂದ ಎಳೆಯುವುದರಿಂದ ಟ್ರ್ಯಾಪ್ ಗಿಡ್ಡವಾದರೆ ನೀರು ಹೊರಗೆ ಹೋಗದೆ ಪ್ಯಾನ್‌ನಲ್ಲೇ ನಿಂತು ಡಕ್ಟ್‌ಗೆ ಇಳಿಯುತ್ತದೆ. ಟೆರೇಸ್ ಮೇಲಿನ ಡಕ್ಟ್‌ನ ಇನ್ಸುಲೇಶನ್‌ಗೆ ಅಲ್ಯೂಮಿನಿಯಂ ಹೊದಿಕೆ ಇಲ್ಲದಿದ್ದರೆ ಮೊದಲ ಮಳೆಗಾಲಕ್ಕೇ ನೀರು ಕುಡಿದು ಹಾಳು. ಸಿಲ್ವರ್ ಓಕ್ ಎಲೆ, ಪಾಚಿ, ಕಾಂಟ್ಯಾಕ್ಟರ್ ಒಳಗೆ ಸೇರುವ ಇರುವೆ ಇವೆಲ್ಲವನ್ನೂ ಮೇ ತಿಂಗಳು ಮುಗಿಯುವ ಮೊದಲೇ ಶುಚಿ ಮಾಡಿಸಿ. ಜೂನ್ ಹಿಡಿದ ಮೇಲೆ ಪಾಚಿ ಕಟ್ಟಿದ ಟೆರೇಸ್ ಮೇಲೆ ಹುಡುಗರನ್ನು ಹತ್ತಿಸಲು ನನಗೆ ಮನಸ್ಸು ಬರುವುದಿಲ್ಲ.