ಮನೆಗೆ ಬಂದ ಆರ್ಥಿಕ ಗಣತಿ ಹುಡುಗಿ: 5ಕ್ಕೆ 4 ಸ್ಟಾರ್

7ನೇ ಆರ್ಥಿಕ ಗಣತಿಗೆ, ಅಂದರೆ ದೇಶದ ಅಂಗಡಿ, ಉದ್ಯಮಗಳನ್ನೂ ಅಲ್ಲಿನ ಕೆಲಸಗಾರರನ್ನೂ ಎಣಿಸುವ ಸರ್ಕಾರಿ ಗಣತಿಗೆ, ನಮ್ಮ ಬೀದಿಗೆ ಬಂದಿದ್ದ ಗಣತಿದಾರಳ ಕೆಲಸದ ಬಗ್ಗೆ ಬರೆಯಲೇಬೇಕು ಅನ್ನಿಸಿತು. 2019ರಲ್ಲಿ ಶುರುವಾದ ಈ ಗಣತಿಯಲ್ಲಿ ಕಾಗದದ ಫಾರಂ ಇರಲಿಲ್ಲ, ಎಲ್ಲಾ ಮೊಬೈಲ್ ಆ್ಯಪ್‌ನಲ್ಲೇ.

ಬಾಗಿಲಲ್ಲೇ ಗುರುತಿನ ಚೀಟಿ ತೋರಿಸಿದಳು. ಅಮ್ಮ ಎಂದಿನಂತೆ "ನಮ್ಮನೇಲಿ ಯಾವ ವ್ಯಾಪಾರಾನೂ ಇಲ್ಲಮ್ಮ" ಅಂದುಬಿಟ್ಟರು. ಬೇರೆ ಯಾರಾದ್ರೂ ಆಗಿದ್ದರೆ ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಿದ್ದರು, ಅಲ್ವಾ? ಇವಳು ಮೂಲೆಯಲ್ಲಿದ್ದ ಹೊಲಿಗೆ ಮಿಷನ್ ನೋಡಿ, "ಬೇರೆಯವರ ಬ್ಲೌಸ್ ಹೊಲಿದುಕೊಡ್ತೀರಾ ಅಮ್ಮಾ?" ಅಂತ ಕೇಳಿದಳು. ಇಪ್ಪತ್ತು ವರ್ಷದಿಂದ ಹೊಲಿಯುತ್ತಿರುವ ಅಮ್ಮ ಮೊದಲ ಸಲ ಒಂದು ಉದ್ಯಮದ ಮಾಲೀಕರಾಗಿ ದಾಖಲಾದರು! ಸಂಬಳವಿಲ್ಲದೆ ಕಾಜಾ, ಗುಂಡಿ ಹಾಕಿಕೊಡುವ ಅತ್ತೆಯನ್ನೂ ಕೆಲಸಗಾರರ ಲೆಕ್ಕಕ್ಕೆ ಸೇರಿಸಿದಳು, ಅದೇ ಸರಿಯಾದ ನಿಯಮ.

ತಳ್ಳುಗಾಡಿಯಲ್ಲಿ ಸೊಪ್ಪು ಮಾರುವ ಪಕ್ಕದ ಮನೆಯಣ್ಣನಿಗೆ ಅಂಗಡಿ ಇಲ್ಲ, ಆದ್ದರಿಂದ ಅವರ ವ್ಯಾಪಾರವನ್ನು ಮನೆಯಲ್ಲೇ ಬರೆದುಕೊಳ್ಳಬೇಕು. ಅದನ್ನೂ ಬಿಡಲಿಲ್ಲ. ಹೊಲದ ಬೆಳೆ ಮಾತ್ರ ಇದರಲ್ಲಿ ಬರುವುದಿಲ್ಲ ಅಂತ ತಾತನಿಗೆ ತಾಳ್ಮೆಯಿಂದ ವಿವರಿಸಿದಳು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಅವಳಿಗಲ್ಲ. ಶೀಟಿನ ಮನೆಯೊಳಗೆ ಜಿಪಿಎಸ್ ಸಿಗದೆ ಪಾಪ ಬಿಸಿಲಲ್ಲಿ ಎರಡು ಸಲ ಹೊರಗೆ ನಿಂತಳು, ಬೀಗ ಹಾಕಿದ್ದ ಮನೆಗಳಿಗೆ ಸಂಜೆ ಮತ್ತೆ ಬಂದಳು. ಇಷ್ಟು ಓಡಾಡುವವರಿಗೆ ಒಂದು ಪವರ್ ಬ್ಯಾಂಕ್ ಆದರೂ ಕೊಡಬಾರದಾ? ನಮ್ಮನೆಯಲ್ಲೇ ಚಾರ್ಜ್ ಹಾಕಿಕೊಂಡು, ಮಜ್ಜಿಗೆ ಕುಡಿದು ಹೋದಳು.